ಎರಡು ಮಾತಿನ ಮನೆಯ ಮಗ
(ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಪುಸ್ತಕದ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಹಿಂಜರಿದೆ. ಸ್ಟೋರ್ಸಿನ ಲೆಡ್ಜರ್ ಬಿಟ್ಟರೆ ನನ್ನ ಕೈಗೆ ಪುಸ್ತಕ ಬರುವುದೇ ಅಪರೂಪ. ಆದರೆ ಈಗ ನಮ್ಮ ಮನೆಯಲ್ಲಿ ಎರಡು ‘ಯಯಾತಿ’ಗಳಿವೆ. ಒಂದು ನನ್ನ ಹೆಂಡತಿ ತವರಿನಿಂದ ತಂದದ್ದು, ವಿ. ಸ. ಖಾಂಡೇಕರರ 1959ರ ಮರಾಠಿ ಕಾದಂಬರಿ. ಇನ್ನೊಂದು ಗಿರೀಶ ಕಾರ್ನಾಡರ 1961ರ ಕನ್ನಡ ನಾಟಕ. ಇವೆರಡರ ನಡುವೆ ನಮ್ಮ ಮಗ ಕುಳಿತಿದ್ದಾನೆ.

ನಾನು ಕಲಬುರಗಿ ಕಡೆಯವನು, ಆಕೆ ಜಾಲನಾದವಳು. ಹುಡುಗನಿಗೆ ಹದಿನೈದು ವರ್ಷ. ಶೇಂದ್ರಾದ ಗೆಳೆಯರು ಅವನನ್ನು ‘ಕಾನಡಿ’ ಎನ್ನುತ್ತಾರೆ. ಊರಿಗೆ ಹೋದರೆ ದೊಡ್ಡಪ್ಪನ ಮಕ್ಕಳು ‘ಮರಾಠಿಯವ’ ಎನ್ನುತ್ತಾರೆ. ಫೋನಿನಲ್ಲಿ ಅಜ್ಜಿಯರಿಬ್ಬರ ಕುಟುಕು ಮಾತನ್ನು ಮೆತ್ತಗೆ ಮಾಡಿ ಅತ್ತಿಂದಿತ್ತ ಹೇಳುವ ಕೆಲಸವೂ ಅವನದೇ. ಹೋದ ವರ್ಷದಿಂದ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು, ರಾತ್ರಿ ಎದೆಬಡಿತ, ನಿದ್ದೆಯಿಲ್ಲ. ಸೋಗು ಎಂದು ನಾನು ಗದರಿಸಿದೆ. ಇದು ಸೋಗಲ್ಲ, ಆತಂಕ ಎಂದು ವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಇಂಥದ್ದಕ್ಕೆ 14416 ಎಂಬ ಸರಕಾರದ ಉಚಿತ ಫೋನ್ ಉಂಟು, ಟೆಲಿ ಮಾನಸ್ ಎಂದು ಹೆಸರು, 2022ರಲ್ಲಿ ಆರಂಭವಾಯಿತು. ಬರೆದಿಟ್ಟುಕೊಳ್ಳಿ.

ಯಯಾತಿಯ ಕಥೆ ತಮಗೆ ಗೊತ್ತೇ ಇದೆ. ಶುಕ್ರಾಚಾರ್ಯರ ಶಾಪದಿಂದ ಅರಸನಿಗೆ ಅಕಾಲದ ಮುಪ್ಪು. ಹಿರಿಯ ಮಕ್ಕಳು ಒಲ್ಲೆವೆಂದರು, ಕಿರಿಯ ಪುರು ಅದನ್ನು ಹೊತ್ತ. ಮಹಾಭಾರತದ ಈ ಪುರುವೂ ಎರಡು ಕಡೆಯವನೇ: ತಂದೆ ಚಂದ್ರವಂಶದ ದೊರೆ, ತಾಯಿ ಶರ್ಮಿಷ್ಠೆ ಅಸುರರಾಜ ವೃಷಪರ್ವನ ಮಗಳು.

ಖಾಂಡೇಕರರ ಕಣ್ಣು ಹೆಚ್ಚಾಗಿ ತಂದೆಯ ಭೋಗದಾಸೆಯ ಮೇಲೆ. ಕಾರ್ನಾಡರು ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಾವಾಗಿ ಸೃಷ್ಟಿಸಿಕೊಟ್ಟರು. ಗಂಡ ಹೊತ್ತು ತಂದ ಮುಪ್ಪನ್ನು ಒಪ್ಪಲಾರದೆ ಆಕೆ ಪ್ರಾಣ ಬಿಡುತ್ತಾಳೆ. ಬರೆದಾಗ ಕಾರ್ನಾಡರಿಗೂ ಇಪ್ಪತ್ತೆರಡರ ಆಸುಪಾಸು. 1938ರಲ್ಲಿ ಇದೇ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಹುಟ್ಟಿದವರು, ಮನೆಮಾತು ಕೊಂಕಣಿ, ಇಂಗ್ಲಿಷಿನಲ್ಲಿ ಕವಿಯಾಗುವ ಹಂಬಲ. ಆಕ್ಸ್‌ಫರ್ಡಿಗೆ ಹೊರಟಾಗ ಮಗ ತಿರುಗಿ ಬರುವನೋ, ಅಲ್ಲೇ ಮದುವೆಯಾಗುವನೋ ಎಂದು ಮನೆಯವರಿಗೆ ದಿಗಿಲು. ಆ ತಳಮಳದೊಳಗಿಂದ ಬಂದ ನಾಟಕ ಕನ್ನಡದಲ್ಲಿ ಬಂತು. ಅದು ಅವರಿಗೇ ಅಚ್ಚರಿಯಾಯಿತಂತೆ.

ನನ್ನ ಮುಪ್ಪು ಬೇರೆ ತರಹದ್ದು. ದುಡ್ಡಿಲ್ಲದೆ ನನಗೆ ತಪ್ಪಿಹೋದ ಡಿಪ್ಲೊಮಾವನ್ನು ಅವನು ಮಾಡಲೇಬೇಕೆಂದು ಹಟ ಹಿಡಿದಿದ್ದೆ.

ಅವನು ಕನ್ನಡ ಓದುವಾಗ ತಡವರಿಸುತ್ತಾನೆ. ಅದಕ್ಕೇ ರಾತ್ರಿ ಊಟವಾದ ಮೇಲೆ ನಾನೇ ನಾಟಕವನ್ನು ಓದಿ ಹೇಳಿದೆ. ಚಿತ್ರಲೇಖೆಯ ಭಾಗ ಬಂದಾಗ ಅವನ ತಾಯಿಯೂ ಪಕ್ಕದಲ್ಲಿ ಬಂದು ಕುಳಿತಳು. ಮುಗಿದ ಮೇಲೆ ಹುಡುಗ ಕೇಳಿದ: “ಅಪ್ಪಾ, ಪುರು ಯಾಕ ಒಲ್ಲೆ ಅನ್ನಲಿಲ್ಲ?”

ನನಗೆ ಉತ್ತರ ಹೊಳೆಯಲಿಲ್ಲ. “ನೀ ಅಂತಿದ್ದೇನು?” ಎಂದೆ. ಅವನು ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಬಹಳ ಹೊತ್ತು ಮಾತಾಡಿದ. ನಾವಿಬ್ಬರೂ ನಡುವೆ ಬಾಯಿ ಹಾಕಲಿಲ್ಲ.

ಎರಡೂ ಪುಸ್ತಕಗಳನ್ನು ಇಂದು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಮನೆಗೆ ಒಯ್ಯುವವರು ಹದಿನೈದು ದಿನದೊಳಗೆ ಹಿಂತಿರುಗಿಸಬೇಕಾಗಿ ವಿನಂತಿ.