ತಪ್ಪಿದವನಿಗೂ ಕರುಣೆ: ಬೌದ್ಧ ಧರ್ಮದ ದೃಷ್ಟಿ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)

  

ಜಿನಬಿಂಬದ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ಬೌದ್ಧ ಧರ್ಮದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಅನೇಕಾಂತವನ್ನು ಜಗತ್ತಿಗೆ ಕೊಟ್ಟ ಸಮಾಜಕ್ಕೆ ನೆರೆಮನೆಯ ದೀಪದ ಬೆಳಕು ಪರಕೀಯವಲ್ಲ. ಭಗವಾನ್ ಮಹಾವೀರರೂ ಗೌತಮ ಬುದ್ಧರೂ ಒಂದೇ ಕಾಲದಲ್ಲಿ, ಒಂದೇ ಮಗಧದ ನೆಲದಲ್ಲಿ ವಿಹರಿಸಿದವರು. ಎರಡೂ ಶ್ರಮಣ ಪರಂಪರೆಗಳೇ. ಆತ್ಮದ ವಿಷಯದಲ್ಲಿ ಇವೆರಡಕ್ಕೂ ಭೇದವುಂಟು. ತಪಸ್ಸಿನ ವಿಷಯದಲ್ಲಿಯೂ ಉಂಟು. ಕರುಣೆಯ ವಿಷಯದಲ್ಲಿ ಮಾತ್ರ ಎರಡೂ ಒಂದೇ ಬೀದಿಯಲ್ಲಿ ನಡೆಯುತ್ತವೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ನಾಲ್ಕು ಭಾವನೆಗಳನ್ನು ಹೇಳಿರುವುದು ಸರ್ವವಿದಿತ. ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ಉಪದೇಶಕ್ಕೆ ಒಗ್ಗದವರಲ್ಲಿ ಮಾಧ್ಯಸ್ಥ್ಯ. ಬೌದ್ಧರು ಬ್ರಹ್ಮವಿಹಾರಗಳೆಂದು ಕರೆಯುವ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೂ ಇವೇ ನಾಲ್ಕು. ಆದರೆ ವ್ಯವಹಾರದಲ್ಲಿ ಒಂದು ತೊಡಕು ಏಳುತ್ತದೆ. ಕಳ್ಳ, ಕೊಲೆಗಾರ, ಮೋಸಗಾರ — ಇವರು ಯಾವ ಸಾಲಿನವರು? ಕಾರುಣ್ಯಕ್ಕೆ ಪಾತ್ರರಾದ ದುಃಖಿಗಳೋ, ದೂರವಿಡಬೇಕಾದ ಅವಿನೇಯರೋ? ಸಾಮಾನ್ಯ ಮನುಷ್ಯನಂತೂ ಮೂರನೆಯದೊಂದು ಸಾಲನ್ನು ಹೂಡಿ, ಅದಕ್ಕೆ ದ್ವೇಷವೆಂದು ಹೆಸರಿಟ್ಟು, ಅಪರಾಧಿಯನ್ನು ಅಲ್ಲಿ ನಿಲ್ಲಿಸಿಬಿಡುತ್ತಾನೆ. ಶಾಸ್ತ್ರದಲ್ಲಿ ಆ ಸಾಲೇ ಇಲ್ಲ.

ಈ ಪ್ರಶ್ನೆಗೆ ಬೌದ್ಧ ಆಚಾರ್ಯ ಬುದ್ಧಘೋಷರು ವಿಶುದ್ಧಿಮಾರ್ಗವೆಂಬ ಗ್ರಂಥದಲ್ಲಿ ಉತ್ತರವಿತ್ತಿದ್ದಾರೆ. ಸುಮಾರು 1500 ವರ್ಷಗಳ ಹಿಂದೆ ಸಿಂಹಳದಲ್ಲಿ ರಚಿತವಾದ ಗ್ರಂಥವದು. ಕರುಣೆಯನ್ನು ಅಭ್ಯಾಸ ಮಾಡುವವನು ಮೊದಲು ಕೈಕಾಲು ಕಳೆದುಕೊಂಡ, ಅನ್ನವಿಲ್ಲದ ದೀನನನ್ನು ಕುರಿತು ಧ್ಯಾನಿಸಬೇಕು. ಅಂಥವನು ಸಿಗದಿದ್ದರೆ ಸುಖವಾಗಿರುವ ಪಾಪಿಯನ್ನು ಕುರಿತಾದರೂ ಧ್ಯಾನಿಸಬೇಕು ಎಂಬುದು ಅವರ ಸೂಚನೆ. ಅದಕ್ಕೆ ಅವರು ಕೊಡುವ ದೃಷ್ಟಾಂತ ಇದು: ಮಾಲುಸಹಿತ ಸಿಕ್ಕಿಬಿದ್ದ ಕಳ್ಳನನ್ನು ರಾಜಾಜ್ಞೆಯಂತೆ ವಧಾಸ್ಥಾನಕ್ಕೆ ಒಯ್ಯುತ್ತಿದ್ದಾರೆ. ದಾರಿಯಲ್ಲಿ ಜನರು ಅವನಿಗೆ ತಿಂಡಿ, ಹೂಮಾಲೆ, ಗಂಧ, ತಾಂಬೂಲಗಳನ್ನು ಕೊಡುತ್ತಾರೆ. ಅವನು ತಿನ್ನುತ್ತ, ಎಲೆಯಡಿಕೆ ಮೆಲ್ಲುತ್ತ ನಡೆಯುತ್ತಾನೆ. ಅವನನ್ನು ನೋಡಿ ಇವನೆಂಥ ಸುಖಿಯೆಂದು ಯಾರೂ ಅನ್ನುವುದಿಲ್ಲ. ಇಡುವ ಒಂದೊಂದು ಹೆಜ್ಜೆಯೂ ಸಾವಿಗೆ ಹತ್ತಿರವಲ್ಲವೇ ಎಂದು ಮರುಗುತ್ತಾರೆ. ದುಷ್ಕರ್ಮ ಮಾಡಿ ಮೆರೆಯುತ್ತಿರುವವನ ಸ್ಥಿತಿಯೂ ಇದೇ. ಇಂದು ಅವನ ಬಾಯಲ್ಲಿ ತಾಂಬೂಲವಿದೆ, ಹೆಜ್ಜೆ ಮಾತ್ರ ಹೋಗುತ್ತಿರುವುದು ದುಃಖದ ಕಡೆಗೆ. ಆದಕಾರಣ ಅವನೂ ದುಃಖಿಗಳ ಸಾಲಿನವನೇ.

ಕರ್ಮಸಿದ್ಧಾಂತವನ್ನು ನಂಬಿದ ಜೈನನಿಗೆ ಈ ಮಾತು ಹೊಸದಲ್ಲ. ಪಾಪಕರ್ಮದ ಬಂಧ ಆದ ಕ್ಷಣದಲ್ಲಿಯೇ ಜೀವಕ್ಕೆ ಹಾನಿಯಾಯಿತೆಂದು ಒಪ್ಪುವವನು, ಆ ಹಾನಿಗೊಳಗಾದ ಜೀವವನ್ನು ಕಂಡು ಹಲ್ಲು ಕಡಿಯುವುದು ಹೇಗೆ ಸಾಧ್ಯ?

ಬೌದ್ಧ ಸಾಹಿತ್ಯದಲ್ಲಿ ಈ ತತ್ತ್ವಕ್ಕೆ ದೊಡ್ಡ ನಿದರ್ಶನ ಅಂಗುಲಿಮಾಲನ ಕಥೆ. ಅದು ಮಜ್ಝಿಮ ನಿಕಾಯದಲ್ಲಿದೆ. ಕೋಸಲ ದೇಶದಲ್ಲಿ ಪ್ರಸೇನಜಿತ್ ರಾಜನಾಗಿದ್ದಾಗ ಈ ದರೋಡೆಗಾರನು ಕೊಂದವರ ಬೆರಳುಗಳನ್ನು ಮಾಲೆ ಮಾಡಿ ಧರಿಸುತ್ತಿದ್ದನು. ಊರಿಗೆ ಊರೇ ಬರಿದಾಗಿದ್ದವು. ಅವನ ಹುಟ್ಟುಹೆಸರು ಅಹಿಂಸಕ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ತಕ್ಷಶಿಲೆಯಲ್ಲಿ ಒಳ್ಳೆಯ ವಿದ್ಯಾರ್ಥಿಯಾಗಿದ್ದವನ ಮೇಲೆ ಸಹಪಾಠಿಗಳು ಹೊಟ್ಟೆಕಿಚ್ಚಿನಿಂದ ಚಾಡಿ ಹೇಳಿದರು. ಅದನ್ನು ನಂಬಿದ ಗುರು ಸಾವಿರ ಬೆರಳುಗಳ ದಕ್ಷಿಣೆಯನ್ನು ಬೇಡಿದನೆಂದೂ ಅವರೇ ವಿವರಿಸುತ್ತಾರೆ. ಕೊಲೆಗಾರನ ಹಿಂದೆ ಇಷ್ಟು ಮಂದಿಯ ಕೈವಾಡವಿತ್ತು. ಆದರೆ ಜನರ ಕಣ್ಣಿಗೆ ಬಿದ್ದುದು ಮಾಲೆಯೊಂದೇ.

ಗೋವಳರೂ ಒಕ್ಕಲಿಗರೂ ಬೇಡವೆಂದರೂ ಬುದ್ಧರು ಒಬ್ಬರೇ ಆ ದಾರಿಯಲ್ಲಿ ನಡೆದರು. ಅಂಗುಲಿಮಾಲನು ಬೆನ್ನಟ್ಟಿ ಓಡಿದರೂ ಮೆಲ್ಲನೆ ನಡೆಯುತ್ತಿದ್ದ ಅವರನ್ನು ಮುಟ್ಟಲಾರದೆ, ನಿಲ್ಲೆಂದು ಕೂಗಿದನು. ತಾವು ಆಗಲೇ ನಿಂತಾಗಿದೆ, ನಿಲ್ಲದಿರುವವನು ನೀನೇ ಎಂಬರ್ಥದ ಉತ್ತರ ಬಂತು. ಹಿಂಸೆಯನ್ನು ಬಿಟ್ಟವನು ನಿಂತವನು, ಬಿಡದವನು ಇನ್ನೂ ಓಡುತ್ತಿರುವವನು. ಆ ಒಂದು ಮಾತಿಗೆ ಅವನ ಕೈಯ ಆಯುಧ ಕೆಳಗೆ ಬಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಪವಾಡದ ಕಥೆಯಾಗುತ್ತಿತ್ತು. ಮುಂದಿನ ಭಾಗವೇ ಹೆಚ್ಚು ಮನನೀಯ. ಅವನನ್ನು ಹಿಡಿಯಲು ಐನೂರು ಕುದುರೆಗಳೊಡನೆ ಹೊರಟ ರಾಜನು ವಿಹಾರಕ್ಕೆ ಬಂದಾಗ, ಆತನೇ ಭಿಕ್ಷುವಾಗಿ ಪಕ್ಕದಲ್ಲಿ ಕುಳಿತಿದ್ದನು. ರಾಜನು ಮೊದಲು ನಡುಗಿದನು, ಬಳಿಕ ನಮಸ್ಕರಿಸಿದನು. ಊರಿನ ಜನರು ಮಾತ್ರ ಅಷ್ಟು ಸುಲಭವಾಗಿ ಮರೆಯಲಿಲ್ಲ. ಭಿಕ್ಷೆಗೆ ಹೋದವನಿಗೆ ಕಲ್ಲು, ಹೆಂಟೆ, ದೊಣ್ಣೆಗಳು ತಗುಲಿದವು. ತಲೆ ಒಡೆದು ರಕ್ತ ಸೋರಿ, ಭಿಕ್ಷಾಪಾತ್ರೆ ಒಡೆದು, ಚೀವರ ಹರಿದು ಮರಳಿದನು. ಬುದ್ಧರು ಅವನನ್ನು ಪವಾಡದಿಂದ ಕಾಪಾಡಲಿಲ್ಲ. ನರಕದಲ್ಲಿ ಬಹುಕಾಲ ಉಣ್ಣಬೇಕಾಗಿದ್ದ ಫಲವನ್ನು ಇಲ್ಲಿಯೇ ಉಣ್ಣುತ್ತಿರುವೆ, ಸಹಿಸಿಕೋ ಎಂದು ಸಂತೈಸಿದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಬೌದ್ಧರ ಕರುಣೆಯೂ ಅಳಿಸುವುದಿಲ್ಲ. ಕರುಣೆಯೆಂದರೆ ಸಾಲವನ್ನು ಮನ್ನಾ ಮಾಡುವುದಲ್ಲ. ಸಾಲ ತೀರಿಸುವವನ ಪಕ್ಕದಲ್ಲಿ ನಿಲ್ಲುವುದು. ಹೆರಿಗೆಯ ನೋವಿನಿಂದ ಬಳಲುತ್ತಿದ್ದ ಒಬ್ಬ ಹೆಂಗಸಿಗೆ ಇದೇ ಅಂಗುಲಿಮಾಲನು ಸತ್ಯವಚನದಿಂದ ಸುಖಪ್ರಸವ ಮಾಡಿಸಿದನೆಂದು ಸೂತ್ರ ಹೇಳುತ್ತದೆ. ಶ್ರೀಲಂಕಾ ಮೊದಲಾದ ದೇಶಗಳಲ್ಲಿ ಗರ್ಭಿಣಿಯರಿಗಾಗಿ ಅವನ ಹೆಸರಿನ ರಕ್ಷಾಪಾಠವನ್ನು ಇಂದಿಗೂ ಪಠಿಸುತ್ತಾರೆ.

ಎರಡನೆಯ ನಿದರ್ಶನ ಅಜಾತಶತ್ರುವಿನದು. ಮಹಾವೀರಸ್ವಾಮಿಯ ಸಮವಸರಣದಲ್ಲಿ ಪ್ರಶ್ನೆಗಳನ್ನು ಕೇಳಿದ ಶ್ರೇಣಿಕ ಮಹಾರಾಜನ ಮಗನೇ ಈತ. ಜೈನರು ಬಲ್ಲ ಕುಣಿಕ. ಬೌದ್ಧ ಗ್ರಂಥಗಳ ಪ್ರಕಾರ ತಂದೆಯನ್ನು ಕೊಂದು ಪಟ್ಟವೇರಿದ ಅವನಿಗೆ ಮನಶ್ಶಾಂತಿಯಿರಲಿಲ್ಲ. ಒಂದು ಹುಣ್ಣಿಮೆಯ ರಾತ್ರಿ ರಾಜಗೃಹದಲ್ಲಿ ವೈದ್ಯ ಜೀವಕನ ಮಾವಿನ ತೋಪಿಗೆ ಹೋಗಿ, ಬುದ್ಧರ ಮುಂದೆ ತಪ್ಪನ್ನು ಒಪ್ಪಿಕೊಂಡನು. ಅವರು ಒಪ್ಪಿಗೆಯನ್ನು ಸ್ವೀಕರಿಸಿದರು, ಹೀಯಾಳಿಸಲಿಲ್ಲ. ಆತನು ಹೋದ ಮೇಲೆ ಮಾತ್ರ, ಪಿತೃಹತ್ಯೆಯೊಂದು ಇಲ್ಲದಿದ್ದರೆ ಆ ರಾತ್ರಿಯೇ ಅವನಿಗೆ ಧರ್ಮದ ಕಣ್ಣು ತೆರೆಯುತ್ತಿತ್ತೆಂದು ಭಿಕ್ಷುಗಳಿಗೆ ತಿಳಿಸಿದರು. ಬಾಗಿಲು ತೆರೆದೇ ಇತ್ತು, ಆದರೆ ಮಾಡಿದ ಕರ್ಮ ಅಡ್ಡ ಬಂದಿತ್ತು. ಎರಡೂ ಸತ್ಯ.

ಅಪರಾಧವೆಂದರೆ ಕೊಲೆ ದರೋಡೆಗಳೇ ಆಗಬೇಕಾಗಿಲ್ಲ. ವಿನಯಪಿಟಕದಲ್ಲಿ ಒಬ್ಬ ರೋಗಿ ಭಿಕ್ಷುವಿನ ಪ್ರಸಂಗವಿದೆ. ಭೇದಿಯಿಂದ ಬಳಲಿ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ ಅವನನ್ನು ಯಾರೂ ಉಪಚರಿಸುತ್ತಿರಲಿಲ್ಲ. ಇವನಿಂದ ಇತರರಿಗೆ ಏನೂ ಉಪಕಾರವಾಗಿಲ್ಲ, ಆದ್ದರಿಂದ ಬಿಟ್ಟಿದ್ದೇವೆ ಎಂಬುದು ಉಳಿದವರ ಕಾರಣ. ಬುದ್ಧರು ಆನಂದನಿಂದ ನೀರು ತರಿಸಿ, ತಾವೇ ನೀರೆರೆದು, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ತಮ್ಮ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದು ಅನಂತರ ಸಂಘಕ್ಕೆ ವಿಧಿಸಿದರು. ಯೋಗ್ಯತೆಯನ್ನು ಅಳೆದು ತೂಗಿ ಕೊಡುವುದು ವ್ಯಾಪಾರ. ಅಳೆಯದೆ ಕೊಡುವುದು ಕರುಣೆ.

ರಾಜ್ಯಭಾರದಲ್ಲಿ ಈ ತತ್ತ್ವವನ್ನು ತಂದವನು ಅಶೋಕ. ಪಟ್ಟಾಭಿಷಿಕ್ತನಾಗಿ ಎಂಟು ವರ್ಷವಾದಾಗ ಕಳಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನರು ಸೆರೆಹೋದುದನ್ನೂ ಒಂದು ಲಕ್ಷ ಜನರು ಹತರಾದುದನ್ನೂ ತನ್ನ 13ನೆಯ ಶಿಲಾಶಾಸನದಲ್ಲಿ ತಾನೇ ಬರೆಸಿ ಪಶ್ಚಾತ್ತಾಪಪಟ್ಟನು. ಅಪಕಾರ ಮಾಡಿದವನನ್ನೂ ಸಾಧ್ಯವಾದಷ್ಟು ಕ್ಷಮಿಸಬೇಕೆಂದು ಅಲ್ಲಿಯೇ ಹೇಳಿದನು. ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ಕೊಟ್ಟನು. 26 ವರ್ಷಗಳಲ್ಲಿ 25 ಬಾರಿ ಬಂದಿಗಳನ್ನು ಬಿಡುಗಡೆ ಮಾಡಿದುದನ್ನು ಸ್ತಂಭಶಾಸನಗಳು ತಿಳಿಸುತ್ತವೆ. ಅಕಾರಣವಾಗಿ ಯಾರನ್ನೂ ಸೆರೆಯಲ್ಲಿ ಇಡಕೂಡದು, ಮತ್ಸರ, ಕೋಪ, ಆತುರ, ಸೋಮಾರಿತನಗಳಿಂದ ನ್ಯಾಯ ಕೆಡುತ್ತದೆ ಎಂದು ಅಧಿಕಾರಿಗಳಿಗೆ ಅವನು ಕೊಟ್ಟ ಪ್ರತ್ಯೇಕ ಆಜ್ಞೆಯ ಒಂದು ಪ್ರತಿಯ ಭಾಗಗಳು ಕನ್ನಡ ನಾಡಿನಲ್ಲಿಯೇ ದೊರೆತಿವೆ. ಭೀಮಾ ತೀರದ ಸನ್ನತಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯ ಮೇಲೆ ಅವು 1980ರ ದಶಕದಲ್ಲಿ ಬೆಳಕಿಗೆ ಬಂದವು.

ಇದು ಹಳೆಯ ಕಾಲದ ಮಾತೆನ್ನುವಂತಿಲ್ಲ. 1959ರ ಬಳಿಕ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಈ ರಾಜ್ಯ ನೆಲೆ ಕೊಟ್ಟಿತು. ಟಿಬೆಟ್ಟಿನಲ್ಲಿ ದೀರ್ಘಕಾಲ ಸೆರೆಯಲ್ಲಿದ್ದು ಭಾರತಕ್ಕೆ ಬಂದ ಒಬ್ಬ ಭಿಕ್ಷುವಿನ ವಿಷಯವನ್ನು ದಲೈ ಲಾಮಾ ಅವರು ಅನೇಕ ಬಾರಿ ಹೇಳಿದ್ದಾರೆ. ಸೆರೆಯಲ್ಲಿ ಕೆಲವು ಸಲ ಅಪಾಯಕ್ಕೆ ಸಿಲುಕಿದ್ದೆನೆಂದು ಆತ ತಿಳಿಸಿದಾಗ, ಅವರು ಪ್ರಾಣಾಪಾಯವೆಂದೇ ಭಾವಿಸಿದರಂತೆ. ಆದರೆ ಆತ ಹೇಳಿದ ಅಪಾಯ ಬೇರೆ: ತನ್ನನ್ನು ಹಿಂಸಿಸಿದವರ ಮೇಲಿನ ಕರುಣೆ ಎಲ್ಲಿ ಬತ್ತಿಹೋಗುವುದೋ ಎಂಬುದು.

ಈ ಮಾತು ಪಾರ್ಶ್ವನಾಥಸ್ವಾಮಿಯ ಭಕ್ತರಿಗೆ ಬೇಗನೆ ಅರ್ಥವಾಗುತ್ತದೆ. ಉಪಸರ್ಗವನ್ನೆಸಗಿದ ಕಮಠನಲ್ಲಿಯೂ ಹೆಡೆಯೆತ್ತಿ ಕಾಯ್ದ ಧರಣೇಂದ್ರನಲ್ಲಿಯೂ ಸ್ವಾಮಿಯ ಮನಸ್ಸು ಸಮನಾಗಿತ್ತು. ಅಂಜನಚೋರನು ಕಳ್ಳನಾಗಿದ್ದೂ ಮೋಕ್ಷಪಥವನ್ನು ಹಿಡಿದನು. ವಡ್ಡಾರಾಧನೆಯ ವಿದ್ಯುಚ್ಚೋರನು ರಿಸಿಯಾದನು.

ಇನ್ನು ಗೃಹಸ್ಥನ ಮಾತು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಬಿತ್ತು, ತೆಗೆದವನು ಹಳೆಯ ಆಳೇ ಎಂದು ತಿಳಿಯಿತು ಎನ್ನೋಣ. ಬೀದಿಯಲ್ಲಿ ನಿಲ್ಲಿಸಿ ಹೊಡೆಸುವುದು ಒಂದು ದಾರಿ. ಕಂಡೂ ಕಾಣದಂತಿರುವುದು ಇನ್ನೊಂದು. ಅದು ಕರುಣೆಯಲ್ಲ, ಅವನನ್ನು ಇನ್ನೂ ಆಳಕ್ಕೆ ತಳ್ಳುವ ಉದಾಸೀನ. ಒಳಗೆ ಕರೆದು ಕುಳ್ಳಿರಿಸಿ, ಲೆಕ್ಕವನ್ನು ಮುಂದಿಟ್ಟು, ಏಕೆ ಹೀಗಾಯಿತೆಂದು ಕೇಳುವುದು ಮೂರನೆಯ ದಾರಿ. ಮನೆಯಲ್ಲಿ ಕಾಯಿಲೆಯ ಕೂಸಿರಬಹುದು, ಬಡ್ಡಿಯ ಸಾಲವಿರಬಹುದು, ಕುಡಿತವೂ ಇರಬಹುದು. ಹಣವನ್ನು ಕಂತಿನ ಮೇಲೆ ಹಿಂದಿರುಗಿಸಲಿ. ವಿಶ್ವಾಸ ಮರಳುವವರೆಗೆ ಬೀಗದ ಕೈ ಅವನಲ್ಲಿ ಬೇಡ. ಕೆಲಸದಿಂದ ಬಿಡಿಸಲೇಬೇಕಾದರೆ ದುಡಿದ ದಿನಗಳ ಸಂಬಳ ಕೊಟ್ಟು ಬಿಡಿಸಲಿ. ಕೇಳಿಯೂ ತಿದ್ದಿಕೊಳ್ಳದವನಲ್ಲಿ ಮಾಧ್ಯಸ್ಥ್ಯವಿರಲಿ. ದ್ವೇಷ ಮಾತ್ರ ಎಲ್ಲಿಯೂ ಬೇಡ.

ತೀರ್ಪು ಕೊಡುವ ಮುನ್ನ ಯಜಮಾನನು ತನ್ನ ತಕ್ಕಡಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಕಳ್ಳಮಾಲು ಕೊಳ್ಳುವುದು, ಕೊಡುವಾಗ ಕಡಿಮೆ ತೂಗಿ ಕೊಳ್ಳುವಾಗ ಹೆಚ್ಚು ತೂಗುವುದು, ಒಳ್ಳೆಯ ಪದಾರ್ಥದಲ್ಲಿ ಕೀಳನ್ನು ಬೆರೆಸುವುದು — ಇವೆಲ್ಲ ಅಚೌರ್ಯಾಣುವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರವೇ ಎಣಿಸಿದೆ. ಆ ಪಟ್ಟಿಯನ್ನು ಪ್ರಾಮಾಣಿಕವಾಗಿ ಓದಿದ ವರ್ತಕನಿಗೆ, ತಪ್ಪಿದವನ ಸಾಲು ತಾನು ನಿಂತ ಸಾಲಿನಿಂದ ಬಹಳ ದೂರವಿಲ್ಲವೆಂದು ತಿಳಿದುಬರುತ್ತದೆ. ಕರುಣೆ ಹುಟ್ಟುವುದು ಅಲ್ಲಿಂದಲೇ.

ದಶಲಕ್ಷಣ ಪರ್ವದ ಬಳಿಕ ಕ್ಷಮಾವಾಣಿಯ ದಿನ ಮಿತ್ರರು ಮಿತ್ರರಲ್ಲಿ ಕ್ಷಮೆ ಬೇಡುತ್ತಾರೆ. ಅದು ಒಳ್ಳೆಯ ಸಂಪ್ರದಾಯ, ಸುಲಭವಾದ ಸಂಪ್ರದಾಯವೂ ಹೌದು. ಮಾತುಬಿಟ್ಟ ದಾಯಾದಿಯ ಮನೆಗೆ, ಕೋರ್ಟಿನ ಮೆಟ್ಟಿಲು ಹತ್ತಿಸಿದ ಪಾಲುದಾರನ ಮನೆಗೆ, ಬಿಡಿಸಿ ಕಳುಹಿಸಿದ ಆಳಿನ ಗುಡಿಸಲಿಗೆ ಹೋಗಿ ಬರುವುದು ಕಷ್ಟ. ಪ್ರತಿಷ್ಠಾಪಿತವಾದ ಜಿನಬಿಂಬದ ವೀತರಾಗ ದೃಷ್ಟಿ, ಬಾಗಿಲಲ್ಲಿ ನಿಂತವನು ಸಜ್ಜನನೋ ದುರ್ಜನನೋ ಎಂದು ನೋಡಿ ಬದಲಾಗುವುದಿಲ್ಲ. ಬಸದಿಯಿಂದ ಮರಳುವ ಶ್ರಾವಕ ಶ್ರಾವಿಕೆಯರು ಆ ದೃಷ್ಟಿಯಲ್ಲಿ ಎಳ್ಳಷ್ಟನ್ನಾದರೂ ಮನೆಗೆ ಒಯ್ದರೆ ಈ ಮಹೋತ್ಸವ ಸಾರ್ಥಕವಾದಂತೆ.

ಸರ್ವರಿಗೂ ಮಂಗಲವಾಗಲಿ. ಜೈ ಜಿನೇಂದ್ರ.