ಸಾಕೆನ್ನದ ಕೋಶಗಳು



ಈ ಹೃದಯ ಆರೋಗ್ಯ ಪ್ರದರ್ಶನಕ್ಕೆ ವಿದ್ಯಾರ್ಥಿಗಳು ಮಾಡಿದ ಮಾದರಿಗಳನ್ನೆಲ್ಲ ನೋಡಿಕೊಂಡೇ ವೇದಿಕೆಗೆ ಬಂದೆ. ಒಂದರಲ್ಲಿ ರಕ್ತನಾಳವೆಂದು ಪೈಪ್ ಇಟ್ಟು ಒಳಗೆ ಜಿಡ್ಡು ಮೆತ್ತಿದ್ದಾರೆ. ಕೈಕೆಲಸ ಚೆನ್ನಾಗಿದೆ, ಆದರೆ ಬ್ಲಾಕ್ ಆಗುವುದು ಹಾಗಲ್ಲ. ಅದು ನಾಳದ ಗೋಡೆಯೊಳಗೇ ಬೆಳೆಯುತ್ತದೆ. ಬೆಳೆಸುವುದರಲ್ಲಿ ನಮ್ಮನ್ನು ಕಾಯುವ ರೋಗನಿರೋಧಕ ಕೋಶಗಳದ್ದೇ ದೊಡ್ಡ ಪಾಲು!

ಎಲ್‌ಡಿಎಲ್ ಎಂಬ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಕಣಗಳು ಗೋಡೆಯೊಳಗೆ ನುಸುಳಿ, ಸಿಕ್ಕಿಕೊಂಡು, ರೂಪ ಕೆಡುತ್ತವೆ. ಅವನ್ನು ನುಂಗಿ ಚೊಕ್ಕ ಮಾಡಲು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಬರುತ್ತವೆ. ಬೇರೆ ಕೋಶಗಳು ಕೊಲೆಸ್ಟ್ರಾಲ್ ಸಾಕಾದೊಡನೆ ಎಲ್‌ಡಿಎಲ್ ಒಳಗೆಳೆಯುವುದನ್ನು ತಗ್ಗಿಸುತ್ತವೆ. ಈ ಭಕ್ಷಕ ಕೋಶಗಳಿಗೆ ಸಾಕೆನ್ನುವುದೇ ಗೊತ್ತಿಲ್ಲ. ರೂಪಗೆಟ್ಟ ಎಲ್‌ಡಿಎಲ್ ಇವುಗಳೊಳಗೆ ಹೋಗುವ ದಾರಿಯೇ ಬೇರೆ ಎಂದು ವಿಜ್ಞಾನಿಗಳಾದ ಗೋಲ್ಡ್‌ಸ್ಟೀನ್, ಬ್ರೌನ್ ಮತ್ತವರ ಸಂಗಡಿಗರು 1979ರಲ್ಲಿ ತೋರಿಸಿಕೊಟ್ಟರು.

ತಿಂದದ್ದನ್ನು ಅರಗಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ತೊಡಕು ಇರುವುದೇ ಅಲ್ಲಿ. ಸಕ್ಕರೆಯಂತೆ ಕೊಲೆಸ್ಟ್ರಾಲನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ನಮ್ಮ ದೇಹಕ್ಕೆ ಬರುವುದಿಲ್ಲ. ಸಾಗಹಾಕಬೇಕು, ಅಷ್ಟೆ. ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಕಣ ಅದನ್ನು ಹೊತ್ತು ಲಿವರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಪಿತ್ತರಸದ ಜೊತೆ ಕರುಳಿಗೆ. ಸಾಗಹಾಕದಿದ್ದರೆ ಏನಾಗುತ್ತದೆಂದು ಇಲ್ಲಿ ಸೇರಿರುವ ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಕಬ್ಬಿಣ ಇಳಿಸತೊಡಗಿದ ಕುಲುಮೆಯ ಮಗ್ಗುಲಲ್ಲಿ ಬೆಳೆದ ಊರು ಅದು. ಕಿಟ್ಟ ತೆಗೆಯದೆ ಅದಿರು ಸುರಿಯುತ್ತಲೇ ಹೋದರೆ ಏನಾಗುತ್ತದೆಂದು ಅಲ್ಲಿನ ಹಿರಿಯರನ್ನು ಕೇಳಿ. ಇಲ್ಲೂ ಹಾಗೆಯೇ: ಒಳಬಂದದ್ದು ಹೆಚ್ಚಿ, ಹೊರಹೋದದ್ದು ಕಡಿಮೆಯಾದಾಗ ಭಕ್ಷಕ ಕೋಶದ ತುಂಬ ಕೊಬ್ಬಿನ ಹನಿಗಳು ಸೇರಿ ಅದು ನೊರೆಕೋಶವಾಗುತ್ತದೆ, ಅಲ್ಲೇ ಸಾಯುತ್ತದೆ. ಹೀಗೆ ಸತ್ತ ಕೋಶಗಳ ರಾಶಿಯ ಮೇಲಿನ ತೆಳುಪೊರೆ ಒಂದು ದಿನ ಬಿರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ.

ನಿನ್ನೆ ಗಾಜನೂರು ಅಣೆಕಟ್ಟಿನವರೆಗೆ ಸೈಕಲ್ ತುಳಿದವರಿಗೂ ಇವತ್ತು ಹೃದಯಾಘಾತವಾಗುವುದು ಹೀಗೆ. ಎದೆ ಹಿಂಡಿದರೆ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮಲಗಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಹೋಗಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡಲೆಂದು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆ ಬಂದಿದೆ. ಇನ್ನು ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ನುಂಗುವವರಿಗೆ ಒಂದು ಮಾತು: ರಿಪೋರ್ಟ್ ನಾರ್ಮಲ್ ಬಂತೆಂದು ನೀವೇ ನಿಲ್ಲಿಸಬೇಡಿ. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ.

ರಕ್ತಪರೀಕ್ಷೆಯ ಮಳಿಗೆ ಬಾಗಿಲಲ್ಲೇ ಇದೆ. ಮೊದಲು ನಾನೇ ಕೈ ಚಾಚುತ್ತೇನೆ, ಹಿಂದೆಯೇ ಬನ್ನಿ. ಪ್ರದರ್ಶನ ಉದ್ಘಾಟನೆಯಾಗಿದೆ.