ತಂಬೂರಿಯ ಜವಾರಿ

ಸಂಕೇಶ್ವರ, ಹುಕ್ಕೇರಿ ಕಡೆಯವರಿಗೆ ಮಿರಜ ಪರವೂರೇನಲ್ಲ. ಚಿಕ್ಕೋಡಿ ಹಾಯ್ದು ಕೃಷ್ಣೆಯನ್ನು ದಾಟಿದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಈ ಊರು ಸಿಗುತ್ತದೆ. ನಮ್ಮ ಜನ ಅಲ್ಲಿಗೆ ಹೋಗುವುದು ಹೆಚ್ಚಾಗಿ ದವಾಖಾನೆಗೆ, ಇಲ್ಲವೆ ರೈಲು ಹಿಡಿಯುವುದಕ್ಕೆ. ಆದರೆ ಅದೇ ಊರಿನ ಓಣಿಗಳಲ್ಲಿ, ಮನೆಗೆ ಅಂಟಿಕೊಂಡ ಸಣ್ಣ ಕಾರ್ಖಾನೆಗಳಲ್ಲಿ, ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ತಂಬೂರಿ, ಸಿತಾರಗಳನ್ನು ಕೈಯಿಂದಲೇ ಮಾಡುತ್ತ ಬಂದ ಮನೆತನಗಳಿವೆ. ಆ ಕಸುಬಿನ ಬಗ್ಗೆ ಇಂದು ಎರಡು ಮಾತು.

ಈ ಪರಂಪರೆ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಆಯುಧ ಮಸೆಯುವುದು ಶಿಕಲಗಾರರ ಕುಲಕಸುಬು. ಬ್ರಿಟಿಷರ ಆಳ್ವಿಕೆಯಲ್ಲಿ ಕತ್ತಿ, ಗುರಾಣಿಗಳಿಗೆ ಗಿರಾಕಿ ಇಲ್ಲದಂತಾದಾಗ ಅದೇ ಮನೆತನದ ಫರೀದಸಾಹೇಬರು ವಾದ್ಯ ತಯಾರಿಕೆಗೆ ಕೈಹಾಕಿದರು. ಮಿರಜ ಸಂಸ್ಥಾನದ ಪಟವರ್ಧನ ಅರಸರ ಆಶ್ರಯ ದೊರೆಯಿತು. ಅವರ ವಂಶಜರಿಗೆ ‘ಸಿತಾರಮೇಕರ್’ ಎಂಬುದೇ ಅಡ್ಡಹೆಸರಾಯಿತು.

ತಂಬೂರಿಯ ಹುಟ್ಟು ಹೊಲದಲ್ಲಿ. ಭೀಮಾ ತೀರದ ಪಂಢರಪುರ, ಮಂಗಳವೇಢೆಗಳ ಸುತ್ತ ಬೆಳೆಯುವ ದೊಡ್ಡ ಸೋರೆಯನ್ನು ಒಣಗಿಸಿ, ಮೇಲ್ಭಾಗ ಕೊಯ್ದು, ಒಳಗಿನ ತಿರುಳನ್ನು ಕೆರೆದು ತೆಗೆಯುತ್ತಾರೆ. ಅದರ ಬಾಯಿಗೆ ತೂನ್ ಮರದ ತೆಳುವಾದ ಮೇಲ್ಹಲಗೆ. ಕುತ್ತಿಗೆಗೆ ಒಳಗೆ ಟೊಳ್ಳಾದ ಉದ್ದನೆಯ ದಂಡಿಗೆ. ‘ದಂಡಿಗೆ’, ‘ಸೋರೆ’ ಎಂಬ ಮಾತುಗಳು ನಮಗೆ ಹೊಸವಲ್ಲ. ದೇಹವನ್ನೇ ವಾದ್ಯವನ್ನಾಗಿ ಮಾಡೆಂದು ಬೇಡಿಕೊಳ್ಳುವ ಬಸವಣ್ಣನವರ ವಚನದಲ್ಲಿ ಇವೆರಡೂ ಇವೆ.

ಇಷ್ಟು ಬಡಗಿಯ ಕೆಲಸ. ತಂಬೂರಿಗೆ ದನಿ ಬರುವುದು ಇದರ ನಂತರ, ಜವಾರಿ ತೆಗೆಯುವಾಗ. ನಮ್ಮ ಭಾಗದಲ್ಲಿ ಜವಾರಿ ಎಂದರೆ ನಾಟಿ ತಳಿ. ವಾದ್ಯದವರ ಜವಾರಿಯೇ ಬೇರೆ.

ಗಿಟಾರನ್ನು ನೋಡಿ. ಅದರ ತಂತಿ ಕುದುರೆಯ ಮೇಲಿನ ಕಿರಿದಾದ ಅಂಚನ್ನು ದಾಟಿ ಹೋಗುತ್ತದೆ. ಮೆಟ್ಟುಗಳ ಅಂತರಕ್ಕೂ ಲೆಕ್ಕವುಂಟು: ಒಂದು ಮೆಟ್ಟು ಮೇಲೇರಿದರೆ ಕಂಪನಸಂಖ್ಯೆ ಸುಮಾರು 1.06 ಪಟ್ಟಾಗುತ್ತದೆ. ಈ ಲೆಕ್ಕ ಹಿಡಿದು, ಕೈಚಳಕವಿದ್ದವರು ಮನೆಯಲ್ಲಿಯೇ ಗಿಟಾರು ಮಾಡುವುದುಂಟು. ತಂಬೂರಿಗೆ ಮೆಟ್ಟಿಲ್ಲ. ಅದರ ಕುದುರೆ ಅಗಲವಾಗಿದ್ದು, ಮೇಲ್ಮೈ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಾಗಿರುತ್ತದೆ. ಕಂಪಿಸುವ ತಂತಿ ಆ ಬಾಗನ್ನು ಸವರುತ್ತ ಸಾಗುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ನೂಲಿನೆಳೆ ಇಟ್ಟು, ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಾಗ ಒಮ್ಮೆಲೆ ದನಿ ತೆರೆದುಕೊಳ್ಳುತ್ತದೆ. ಕರ್ನಾಟಕ ಸಂಗೀತದವರು ಈ ಎಳೆಗೆ ‘ಜೀವ’ ಎಂದೇ ಹೆಸರಿಟ್ಟಿದ್ದಾರೆ.

ಭೌತಶಾಸ್ತ್ರ ಓದಿದ ನನಗೆ ಇಲ್ಲಿ ಸರ್ ಸಿ. ವಿ. ರಾಮನ್ ನೆನಪಾಗುತ್ತಾರೆ. ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಯಂಗ್ ಎಂಬ ವಿಜ್ಞಾನಿಯ ನಿಯಮ. ತಂಬೂರಿ, ವೀಣೆಗಳಲ್ಲಿ ಅದೇ ಉಪಸ್ವರಗಳು ಸ್ಪಷ್ಟವಾಗಿ ಕೇಳಿಬರುವುದನ್ನು ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು; ಕಾರಣ, ಆ ಬಾಗಿದ ಕುದುರೆ. ಅಂದರೆ ಕೈಯಲ್ಲಿ ಕಾನಸು ಹಿಡಿದು ಕುದುರೆಯನ್ನು ಉಜ್ಜುತ್ತ, ತಂತಿ ಮೀಟಿ ಕೇಳುತ್ತ, ಮತ್ತೆ ಉಜ್ಜುವ ಕುಶಲಕರ್ಮಿ, ಪುಸ್ತಕದಲ್ಲಿ ಬರೆಯುವ ಎಷ್ಟೋ ಮೊದಲೇ ಈ ವಿದ್ಯೆಯನ್ನು ಕಿವಿಯಲ್ಲಿ ಬಲ್ಲವನಾಗಿದ್ದ.

ಕನ್ನಡದ ಹಾಡುಗಾರರಿಗೂ ಮಿರಜಕ್ಕೂ ಇರುವ ನಂಟು ದೊಡ್ಡದು. ಮಲ್ಲಿಕಾರ್ಜುನ ಮನ್ಸೂರರು ಎಳೆವಯಸ್ಸಿನಲ್ಲಿ ಮಿರಜದ ನೀಲಕಂಠಬುವಾ ಅವರ ಬಳಿ ಕಲಿತರು. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಮಿರಜದಲ್ಲಿಯೇ ನೆಲೆಸಿದ್ದರು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯ ಮೀರಾಸಾಹೇಬ ದರ್ಗಾದಲ್ಲಿದೆ. ಅವರ ಶಿಷ್ಯಪರಂಪರೆಯಲ್ಲೇ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬೆಳೆದರು.

1979ರಲ್ಲಿ ಬೆಂಗಳೂರಿನ ಎಂಜಿನಿಯರ್ ಜಿ. ರಾಜನಾರಾಯಣ ಅವರು ಇಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಈಗಂತೂ ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಬಸ್ಸು, ರೈಲುಗಳಲ್ಲಿ ಐದಡಿ ಉದ್ದದ ವಾದ್ಯವನ್ನು ಹೊತ್ತು ತಿರುಗುವ ಕಷ್ಟ ಬಲ್ಲವರು ಯಂತ್ರವನ್ನು ಹಳಿಯಲಾರರು. ಆದರೆ ಒಂದು ಅಂತರವನ್ನು ಗಮನಿಸಬೇಕು. ಯಂತ್ರ ಶ್ರುತಿಯನ್ನು ಕೊಡುತ್ತದೆ. ಶ್ರುತಿ ಸೇರಿಸುವುದನ್ನು ಕಲಿಸುವುದಿಲ್ಲ. ಬಿರಟೆ ತಿರುವಿ, ಮಣಿ ಸರಿಸಿ, ನಾಲ್ಕು ತಂತಿಗಳನ್ನು ಕೂಡಿಸುವ ವಿದ್ಯಾರ್ಥಿಯ ಕಿವಿ ಹಾಡುವ ಮೊದಲೇ ಹದಗೊಳ್ಳುತ್ತದೆ.

2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಸಂತೋಷದ ಸಂಗತಿಯೇ. ಆದರೆ ಅದು ರಕ್ಷಿಸುವುದು ಹೆಸರನ್ನು. ಜವಾರಿ ಬಲ್ಲ ಕೈ ಉಳಿಯಬೇಕಾದರೆ ಆ ಕೈಗೆ ಕೆಲಸ ಬೇಕು. ತಂದೆಯ ಮಗ್ಗುಲಲ್ಲಿ ಕುಳಿತು ವರ್ಷಗಟ್ಟಲೆ ಕೇಳಿಯೇ ಕಲಿಯಬೇಕಾದ ವಿದ್ಯೆಯಿದು. ಸಂಪಾದನೆಯಿಲ್ಲದ ಕಸುಬಿಗೆ ಯಾವ ಮಗ ತಾನೆ ಕುಳಿತಾನು?

ತಂತಿಯ ಉಜ್ಜಾಟಕ್ಕೆ ಕುದುರೆ ಸವೆಯುತ್ತದೆ. ಆಗಾಗ ಜವಾರಿ ತೆಗೆಸಲೇಬೇಕು. ನಮ್ಮ ಊರುಗಳ ಸಂಗೀತ ಶಾಲೆಗಳಲ್ಲಿ, ಮಠಗಳಲ್ಲಿ, ಹಳೆಯ ಮನೆಗಳ ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ತಂಬೂರಿಗಳು ಇದ್ದಾವು. ಅವನ್ನು ಇಳಿಸಿ, ಧೂಳು ಒರೆಸಿ, ಬಲ್ಲವರ ಕೈಗೆ ಒಪ್ಪಿಸಿ. ಕಸುಬಿನವರಿಗೆ ಒಂದು ದಿನದ ಕೂಲಿ ಹುಟ್ಟುತ್ತದೆ. ಮನೆಯ ಮಕ್ಕಳಿಗೆ ನಿಜವಾದ ಷಡ್ಜ ಕೇಳುತ್ತದೆ.